ಹಳೆ ಪಿನ್‌ಬಾಲ್ ಯಂತ್ರದ ದೋಷ ಹುಡುಕಲು ಮಲ್ಟಿಮೀಟರೋ, ಟೆಸ್ಟ್ ಲ್ಯಾಂಪೋ, ಜಂಪರ್ ವೈರೋ?

ಇದು ಎಲೆಕ್ಟ್ರೋಮೆಕ್ಯಾನಿಕಲ್ ಯಂತ್ರಗಳ ಮಾತು. ಅಂದರೆ ಶಿಕಾಗೊದ ಗಾಟ್‌ಲೀಬ್, ವಿಲಿಯಮ್ಸ್, ಬ್ಯಾಲಿ ಕಂಪನಿಗಳು ಮೈಕ್ರೊಪ್ರೊಸೆಸರ್ ಬರುವ ಮೊದಲು, 1970ರ ದಶಕದವರೆಗೂ ಮಾಡುತ್ತಿದ್ದ ಯಂತ್ರಗಳು. ಒಳಗೆ ಒಂದೂ ಚಿಪ್ ಇಲ್ಲ. ರಿಲೇ (ಕರೆಂಟಿನಿಂದ ಎಳೆಯುವ ಸ್ವಿಚ್), ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ಎಣಿಸುವ ಭಾಗ), ಸ್ಕೋರ್ ಮೋಟರ್ (ತಿರುಗುತ್ತ ಸ್ವಿಚ್‌ಗಳನ್ನು ಸರದಿಯಂತೆ ಒತ್ತುವ ಮೋಟರ್), ಲೆಕ್ಕವಿಲ್ಲದಷ್ಟು ಸ್ವಿಚ್ ಪಾಯಿಂಟುಗಳು. ಕಾಯಿಲ್ (ಕರೆಂಟ್ ಹರಿದಾಗ ಪ್ಲಂಜರ್ ಎಂಬ ಕಬ್ಬಿಣದ ತುಂಡನ್ನು ಎಳೆಯುವ ತಂತಿಸುತ್ತು) ಸತ್ತಿದೆ ಅನ್ನಿಸಿದಾಗ ಬಹುತೇಕ ಸಲ ಕೆಟ್ಟಿರುವುದು ಅದರ ದಾರಿಯಲ್ಲಿರುವ ಯಾವುದೋ ಒಂದು ಪಾಯಿಂಟ್. ಅದನ್ನು ಹುಡುಕಲು ಮೂರು ಸಾಧನಗಳನ್ನೂ ಗಾಟ್‌ಲೀಬ್‌ನ 24 ವೋಲ್ಟ್ ಎಸಿ ಯಂತ್ರಗಳ ಮೇಲೆ ಬಳಸಿ ನೋಡಿದ್ದೇವೆ.

ಮಲ್ಟಿಮೀಟರಿನ ಬೀಪ್ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಕಾಯಿಲ್‌ಗಳ ರೋಧ ಕೆಲವೇ ಓಮ್. ಹೀಗಾಗಿ ನೀವು ಪರೀಕ್ಷಿಸುತ್ತಿರುವ ಸ್ವಿಚ್ ತೆರೆದೇ ಇದ್ದರೂ ಬೇರೆ ಕಾಯಿಲ್ ಮೂಲಕ ಸುತ್ತಿ ಬಂದ ದಾರಿಗೆ ಮೀಟರ್ ಬೀಪ್ ಅನ್ನುತ್ತದೆ. ಒಂದು ಕಡೆಯ ವೈರ್ ಬಿಚ್ಚದೆ ಫಲಿತಾಂಶ ಖಚಿತವಿಲ್ಲ, ಬಿಚ್ಚಲು ಬೆಸುಗೆ ತೆಗೆಯಬೇಕು. ಇನ್ನೊಂದು ತೊಂದರೆ: ಮೀಟರ್ ಹರಿಸುವುದು ಒಂದೆರಡು ಮಿಲಿಆಂಪ್ ಅಷ್ಟೇ. ಕಿಲುಬು ಹಿಡಿದ ಪಾಯಿಂಟ್ ಅರ್ಧ ಓಮ್ ತೋರಿಸಿದರೆ ಪಾಸು ಮಾಡಿಬಿಡುತ್ತೇವೆ. ಅದೇ ಪಾಯಿಂಟಿನಲ್ಲಿ ಕಾಯಿಲ್ 4 ಆಂಪ್ ಎಳೆದಾಗ 2 ವೋಲ್ಟ್ ಅಲ್ಲೇ ನಷ್ಟ. ಅಂಥ ಪಾಯಿಂಟ್ ಸಾಲಿನಲ್ಲಿ ಮೂರಿದ್ದರೆ ಕಾಯಿಲ್ ಗುಂಯ್‌ಗುಡುತ್ತದೆ, ಎಳೆಯುವುದಿಲ್ಲ. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಯಂತ್ರ ಚಾಲೂ ಇರುವಾಗ, ಮುಚ್ಚಿದ ಪಾಯಿಂಟಿನ ಎರಡೂ ಬದಿಗೆ ಹಿಡಿಯುವುದು ಮೇಲು: ಹೆಚ್ಚುಕಡಿಮೆ 24 ಬಂದರೆ ಅದು ಮುಟ್ಟುತ್ತಿಲ್ಲ, ಒಂದೆರಡು ವೋಲ್ಟ್ ಬಂದರೆ ಕೊಳೆ.

ಟೆಸ್ಟ್ ಲ್ಯಾಂಪ್ ಎಂದರೆ ಲಾರಿಯ 24 ವೋಲ್ಟ್, 5 ವ್ಯಾಟ್ ಬಲ್ಬಿಗೆ ಎರಡು ಕ್ಲಿಪ್. ಡಿಜಿಟಲ್ ಮೀಟರಿನಂತೆ ಇಲ್ಲದ ವೋಲ್ಟೇಜ್ ತೋರಿಸಿ ದಾರಿ ತಪ್ಪಿಸುವುದಿಲ್ಲ. ಫ್ಯೂಸ್ ನೋಡಲು ಒಳ್ಳೆಯದು, ಅದರಾಚೆ ವಿಶೇಷವೇನಿಲ್ಲ.

ಗೆಲ್ಲುವುದು ಎರಡೂ ತುದಿಗೆ ಕ್ರೊಕೊಡೈಲ್ ಕ್ಲಿಪ್ ಇರುವ ಜಂಪರ್ ವೈರ್. ಮಧ್ಯದಲ್ಲಿ 5 ಆಂಪ್ ಫ್ಯೂಸ್ ಹಾಕಿ. ಯಂತ್ರ ಚಾಲೂ ಮಾಡಿ, ಒಂದು ತುದಿಯನ್ನು ಸಾಲಿನಾಯ್ಡ್ (ಅಂದರೆ ಕಾಯಿಲ್) ಫ್ಯೂಸಿನ ಆಚೆ ಬದಿಗೆ, ಕಾಯಿಲ್‌ಗಳತ್ತ ಹೋಗುವ ಕಡೆಗೆ, ಕಚ್ಚಿಸಿ. ಇನ್ನೊಂದನ್ನು ಕಾಯಿಲ್‌ನ ಸ್ವಿಚ್ ಕಡೆಯ ಲಗ್‌ಗೆ (ವೈರ್ ಬೆಸೆದಿರುವ ತುದಿಗೆ) ಕ್ಷಣಮಾತ್ರ ಮುಟ್ಟಿಸಿ. ಎಳೆಯಿತೇ? ಕಾಯಿಲ್ ಸರಿ ಇದೆ, ವಾಪಸು ದಾರಿಯೂ ಸರಿ. ಈಗ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ನೋಡುತ್ತ, ವೈರಿನ ಬಣ್ಣ ಹಿಡಿದು, ಒಂದೊಂದೇ ಸ್ವಿಚ್ ಹಿಂದಕ್ಕೆ ಫ್ಯೂಸಿನ ಕಡೆಗೆ ಬನ್ನಿ. ದಾರಿಯ ರಿಲೇಗಳು ಎಳೆದಿರಬೇಕು, ಇಲ್ಲವೇ ಕೈಯಿಂದ ಒತ್ತಿ ಹಿಡಿಯಬೇಕು. ಎಲ್ಲಿ ಎಳೆಯುವುದು ನಿಂತಿತೋ, ಆಗಷ್ಟೇ ದಾಟಿ ಬಂದ ಪಾಯಿಂಟೇ ಕಳ್ಳ. ಇಲ್ಲಿ ಪರೀಕ್ಷೆ ಮಾಡುವುದು ಕಾಯಿಲ್‌ನ ನಿಜವಾದ ಕರೆಂಟ್, ಆದ್ದರಿಂದ ಅರೆಬರೆ ಪಾಯಿಂಟೂ ಸಿಕ್ಕಿಬೀಳುತ್ತದೆ.

ಕಾಯಿಲ್‌ನ ಎರಡು ಲಗ್‌ಗಳಿಗೂ ಜಂಪರ್ ಕೊಟ್ಟರೆ ನೇರ ಶಾರ್ಟ್. 6 ವೋಲ್ಟಿನ ದೀಪಗಳ ಸಾಲಿಗೂ 24ರ ಸಾಲಿಗೂ ಸೇರಿಸಬಾರದು. ಮೇನ್ಸ್ ಬದಿಗಂತೂ ಜಂಪರ್ ಒಯ್ಯಲೇಬಾರದು. ಬ್ಯಾಲಿಯಲ್ಲಿ ಕಾಯಿಲ್ ಸಾಲು ಸಾಮಾನ್ಯವಾಗಿ 50 ವೋಲ್ಟ್, ಬೆರಳು ದೂರವಿರಲಿ. (ಅಮೆರಿಕದ ಯಂತ್ರವನ್ನು ನಮ್ಮಲ್ಲಿ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸಿದರೆ, 50 ಹರ್ಟ್ಜ್‌ನಲ್ಲಿ ಸ್ಕೋರ್ ಮೋಟರ್ ಸುಮಾರು ಆರನೇ ಒಂದು ಭಾಗ ನಿಧಾನ. ಅದನ್ನು ದೋಷ ಎಂದು ಬೆನ್ನಟ್ಟಬೇಡಿ.)

ಜಂಪರ್ ಸೋಲುವುದು ಉಲ್ಟಾ ಕಾಯಿಲೆಯಲ್ಲಿ, ಅಂದರೆ ತೆರೆಯಬೇಕಾದ ಪಾಯಿಂಟ್ ಮುಚ್ಚಿಕೊಂಡೇ ಇದ್ದಾಗ. ಸ್ಟಾರ್ಟ್ ಒತ್ತಿದ ಮೇಲೆ ಸ್ಕೋರ್ ಮೋಟರ್ ನಿಲ್ಲದೆ ತಿರುಗುವುದು ಇದರ ಮಾಮೂಲಿ ಉದಾಹರಣೆ. ಮೊದಲು ಸ್ಕೋರ್ ರೀಲ್‌ಗಳನ್ನು (ಅಂಕ ತೋರಿಸುವ ತಿರುಗುಚಕ್ರಗಳನ್ನು) ನೋಡಿ; ಎಲ್ಲವೂ ಸೊನ್ನೆಗೆ ಬಂದು ಅವುಗಳ ಜೀರೋ ಸ್ವಿಚ್ ತೆರೆಯುವವರೆಗೆ ಮೋಟರ್ ತಿರುಗುತ್ತದೆ. ಒಂದು ರೀಲ್ ಸೊನ್ನೆಗೆ ಬಂದಿಲ್ಲವಾದರೆ ಅದರ ಪ್ಲಂಜರ್ ಅಥವಾ ಸ್ಪ್ರಿಂಗ್ ಬಿಗಿಯಾಗಿದೆ, ಇಲ್ಲವೇ ಅದಕ್ಕೆ ಪಲ್ಸ್ ಹೋಗುತ್ತಿಲ್ಲ. ಎಲ್ಲವೂ ಸೊನ್ನೆಯಲ್ಲಿದ್ದರೆ ಪ್ರತಿ ರೀಲಿನ ಜೀರೋ ಸ್ವಿಚ್ಚಿನ ನಡುವೆ ಸರದಿಯಂತೆ ಕಾಗದದ ಚೂರು ತೂರಿಸಿ. ಯಾವುದಕ್ಕೆ ಮೋಟರ್ ನಿಂತಿತೋ ಅದರ ಬ್ಲೇಡ್ ಬಗ್ಗಿಸಬೇಕು. ಪುಕ್ಕಟೆ ಸಾಧನ, ಈ ಕೆಲಸಕ್ಕೆ ಇದನ್ನು ಮೀರಿಸುವುದು ಇನ್ನೊಂದಿಲ್ಲ.

ಸಿಕ್ಕಿದ ಪಾಯಿಂಟ್ ಉಜ್ಜುವುದರಲ್ಲೂ ಆಯ್ಕೆಗಳಿವೆ. ಬೆಳ್ಳಿ ಪಾಯಿಂಟುಗಳಿಗೆ ಫ್ಲೆಕ್ಸ್‌ಸ್ಟೋನ್ (ಪಾಯಿಂಟ್ ಉಜ್ಜುವ ತೆಳು, ಬಾಗುವ ಪಟ್ಟಿ), ಎರಡು ಮೂರು ಎಳೆತ ಸಾಕು. ಬರೀ ಧೂಳಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒದ್ದೆ ಮಾಡಿದ ದಪ್ಪ ಕಾಗದವೇ ಸಾಲುತ್ತದೆ. ಲೋಹದ ಅರ ಬೆಳ್ಳಿಯನ್ನು ತಿಂದುಹಾಕುತ್ತದೆ. ಎಮರಿ ಪೇಪರ್ ಕಣ ಬಿಡುತ್ತದೆ. ಡಬ್ಲ್ಯೂಡಿ-40 ಸಿಂಪಡಿಸಿದರೆ ಉಳಿಯುವ ಪದರ ಧೂಳನ್ನು ಅಂಟಿಸಿಕೊಳ್ಳುತ್ತದೆ, ಕಿಡಿ ಹಾರುವಲ್ಲಿ ಬೆಂಕಿಯ ಭಯ ಬೇರೆ. ಕಾಯಿಲ್ ಒಳಗಿನ ಪ್ಲಂಜರಿಗಂತೂ ಎಣ್ಣೆ, ಗ್ರೀಸ್ ಯಾವುದೂ ಬೇಡ, ನೈಲಾನ್ ಸ್ಲೀವ್ ಬದಲಿಸಿ.

ಫ್ಲಿಪ್ಪರಿನ (ಚೆಂಡು ಹೊಡೆಯುವ ಕೈಯ) ಎಂಡ್-ಆಫ್-ಸ್ಟ್ರೋಕ್ ಸ್ವಿಚ್ಚಿನಲ್ಲಿ, ಅಂದರೆ ಎಳೆತದ ಕೊನೆಯಲ್ಲಿ ತೆರೆಯುವ ಸ್ವಿಚ್ಚಿನಲ್ಲಿ, ಮಾತ್ರ ಲೆಕ್ಕ ತಿರುವುಮುರುವು. ಅಲ್ಲಿರುವುದು ಟಂಗ್‌ಸ್ಟನ್, ಹಳೆ ಸ್ಕೂಟರಿನ ಸಿಬಿ ಪಾಯಿಂಟಿನಂತೆ. ಫ್ಲೆಕ್ಸ್‌ಸ್ಟೋನ್ ಅದಕ್ಕೆ ನಾಟುವುದಿಲ್ಲ, ಸಣ್ಣ ಪಾಯಿಂಟ್ ಅರವೇ ಬೇಕು. ಅದು ಸರಿಯಾಗಿ ಮುಚ್ಚದಿದ್ದರೆ ಕರೆಂಟ್ ಹೋಲ್ಡ್ ಸುತ್ತನ್ನು (ಮೇಲೆದ್ದ ಫ್ಲಿಪ್ಪರನ್ನು ಕಡಿಮೆ ಕರೆಂಟಿನಲ್ಲಿ ಹಿಡಿದಿಡುವ ಸುತ್ತನ್ನು) ಹಾದೇ ಹೋಗಬೇಕಾಗಿ ಫ್ಲಿಪ್ಪರ್ ಸೊರಗುತ್ತದೆ, ತೆರೆಯದೇ ಇದ್ದರೆ ಕಾಯಿಲ್ ಸುಡುತ್ತದೆ. ಫ್ಲಿಪ್ಪರ್ ಪೂರ್ತಿ ಮೇಲೆದ್ದಾಗ ಅಂತರ ಸುಮಾರು 3 ಮಿ.ಮೀ. ಇರಲಿ, ತೆರೆಯುವುದು ಎಳೆತದ ಕೊಟ್ಟಕೊನೆಯಲ್ಲಿರಲಿ.