ವೈಡ್‌ಬ್ಯಾಂಡ್ ಎಎಫ್‌ಆರ್ ಮೀಟರ್: ಹಳೇ ಜಿಪ್ಸಿಯಲ್ಲಿ ನಾಲ್ಕು ವರ್ಷ, ಎರಡು ಸೆನ್ಸರ್

ಮೊದಲೇ ಹೇಳಿಬಿಡುತ್ತೇನೆ. ನಿಮ್ಮದು ಕಂಪನಿಯಿಂದ ಬಂದ ಹಾಗೇ ಇರುವ ಇಂಜೆಕ್ಷನ್ ಕಾರಾದರೆ ಈ ಮೀಟರ್ ಬೇಡ. ಅದರ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಗಾಳಿ-ಪೆಟ್ರೋಲ್ ಮಿಕ್ಸ್‌ಚರ್ ತಾನೇ ನೋಡಿಕೊಳ್ಳುತ್ತದೆ. ನೀವು ಕುಣಿಯುವ ಅಂಕಿ ನೋಡಿಕೊಂಡು ಸುಮ್ನೆ ಕೂರಬೇಕು ಅಷ್ಟೆ.

ನನ್ನದು 1998ರ ಜಿಪ್ಸಿ ಕಿಂಗ್. 1.3 ಲೀಟರ್ ಇಂಜಿನ್, ಕಾರ್ಬೊರೇಟರ್ ಗಾಡಿ, ಇರುವುದು ಮೂಡಿಗೆರೆ ಕಡೆ ತೋಟದಲ್ಲಿ. ಹಳೇ ಕಾರ್ಬೊರೇಟರ್ ಪೂರ್ತಿ ಸವೆದಿತ್ತು, ಎಷ್ಟು ರಿಪೇರಿ ಮಾಡಿಸಿದರೂ ಸ್ಲೋ ಸ್ಪೀಡ್ ನಿಲ್ಲುತ್ತಿರಲಿಲ್ಲ. ಅದನ್ನು ತೆಗೆಸಿ ವೆಬರ್ 32/36 ಕಾರ್ಬೊರೇಟರ್ ಹಾಕಿಸಿದೆ. ಪಿಕಪ್ ಬಂತು, ಜೊತೆಗೆ ಪೆಟ್ರೋಲ್ ವಾಸನೆಯೂ ಬಂತು. ಮೈಲೇಜ್ ಏಳೂವರೆಗೆ ಇಳಿಯಿತು. 2021ರ ಕೊನೆಯಲ್ಲಿ ಈ ಮೀಟರ್ ತರಿಸಿದ್ದು ಆ ಹೊಟ್ಟೆಯುರಿಯಲ್ಲಿ.

ಎಎಫ್‌ಆರ್ ಅಂದರೆ ಒಂದು ಕೆಜಿ ಪೆಟ್ರೋಲಿಗೆ ಎಷ್ಟು ಕೆಜಿ ಗಾಳಿ ಹೋಗುತ್ತಿದೆ ಅನ್ನುವ ಲೆಕ್ಕ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 14.7 ಬೇಕು. ಅಂಕಿ ಕಮ್ಮಿಯಾದರೆ ರಿಚ್ (ಪೆಟ್ರೋಲ್ ಜಾಸ್ತಿ), ಜಾಸ್ತಿಯಾದರೆ ಲೀನ್ (ಪೆಟ್ರೋಲ್ ಕಮ್ಮಿ). ಕಾರುಗಳಲ್ಲಿರುವ ಸಾಮಾನ್ಯ ಆಕ್ಸಿಜನ್ ಸೆನ್ಸರ್ ರಿಚ್ಚೋ ಲೀನೋ ಅಂತ ಮಾತ್ರ ಹೇಳುತ್ತದೆ, ಎಷ್ಟು ಅಂತ ಹೇಳುವುದಿಲ್ಲ. ಅದಕ್ಕೇ ವೈಡ್‌ಬ್ಯಾಂಡ್ ಬೇಕಾಗುವುದು. ನನ್ನ ಮೀಟರಿನ ಜೊತೆ ಬಂದದ್ದು ಬಾಷ್ ಎಲ್‌ಎಸ್‌ಯು 4.9 ಸೆನ್ಸರ್. ವೆಲ್ಡಿಂಗ್, ವೈರಿಂಗ್ ಕೂಲಿ ಎಲ್ಲ ಸೇರಿ 21 ಸಾವಿರದ ಹತ್ತಿರ ಬಿತ್ತು.

ನಾಲ್ಕೂ ಸಿಲಿಂಡರಿನ ಪೈಪು ಒಂದಾದ ಮೇಲೆ, ಸೈಲೆನ್ಸರಿಗೆ ಮುಂಚೆ, ತೂತು ಕೊರೆದು 18 ಎಂಎಂ ನಟ್ ವೆಲ್ಡ್ ಮಾಡಿಸಬೇಕು. ಸೆನ್ಸರ್ ಅಡ್ಡಕ್ಕೆ ಮಲಗಬಾರದು, ಕೆಳಗಿನಿಂದಂತೂ ಕೂರಲೇಬಾರದು. ಕಡಿಮೆ ಅಂದರೂ 10 ಡಿಗ್ರಿ ಮೇಲಕ್ಕೆ ಎದ್ದಿರಬೇಕು. ನಮ್ಮ ಕಡೆ ಮಳೆಗಾಲದ ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದರೆ ಸೈಲೆನ್ಸರಿನಿಂದ ನೀರು ತೊಟ್ಟಿಕ್ಕುತ್ತದಲ್ವಾ, ಒಳಗಿನ ಹೀಟರಿನಿಂದ 700 ಡಿಗ್ರಿ ದಾಟಿ ಕಾದಿರುವ ಸೆನ್ಸರಿಗೆ ಆ ನೀರು ತಾಗಿದರೆ ಬಿರುಕು ಬಿಡುತ್ತದೆ.

ಮೊದಲ ದಿನವೇ ಕಾಯಿಲೆ ಗೊತ್ತಾಯಿತು. ಸಮ ರಸ್ತೆಯಲ್ಲಿ ಅರವತ್ತರಲ್ಲಿ ಹೋಗುವಾಗ 11.4. ಅಷ್ಟು ರಿಚ್! ಈ ಕಾರ್ಬೊರೇಟರ್ ಬರುವಾಗ ಅದರಲ್ಲಿದ್ದ ಜೆಟ್‌ಗಳು (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ನನ್ನದಕ್ಕಿಂತ ದೊಡ್ಡ ಇಂಜಿನ್ನಿಗೆ ಸರಿಹೋಗುವಂಥವು. ಪ್ರೈಮರಿ ಮೇನ್ ಜೆಟ್ 140 ಇತ್ತು, ಅಂದರೆ 1.40 ಮಿಲಿಮೀಟರ್ ತೂತು. 130 ಹಾಕಿದೆ, 13.1ಕ್ಕೆ ಬಂತು. 125 ಹಾಕಿದೆ, 14.2. ಜೆಟ್ಟಿನ ನಂಬರ್ ಸ್ವಲ್ಪ ಇಳಿದರೂ ತೂತಿನ ವಿಸ್ತೀರ್ಣ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಹಾಗಾಗಿ ಐದೈದೇ ಇಳಿಸಬೇಕು. ಐಡಲ್ (ಸ್ಲೋ ಸ್ಪೀಡ್) ಮಿಕ್ಸ್‌ಚರ್ ಸ್ಕ್ರೂ ತಿರುಗಿಸಿ ಅಲ್ಲಿ 13.5ಕ್ಕೆ ನಿಲ್ಲಿಸಿದೆ. ಪೂರ್ತಿ ಆಕ್ಸಲರೇಟರ್ ಒತ್ತಿದಾಗ 12.7. ಎಳೆಯುವಾಗ ಅಷ್ಟು ರಿಚ್ ಇರಲೇಬೇಕು, ಅಲ್ಲಿ ಪೆಟ್ರೋಲ್ ಉಳಿಸಲು ಹೋದರೆ ಪಿಸ್ಟನ್ ಸುಡುತ್ತದೆ. ಮೈಲೇಜ್ ಹತ್ತು ದಾಟಿತು.

ಮಂಗಳೂರಿಗೆ ಹೋಗಿ ಬಂದಾಗ ಇನ್ನೊಂದು ಮಜಾ. ಕೆಳಗೆ ಹೆದ್ದಾರಿಯಲ್ಲಿ 14.9 ತೋರಿಸುತ್ತಿದ್ದ ಗಾಡಿ, ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ದಾಟಿ ಅದೇ ಸ್ಪೀಡಿನಲ್ಲಿ ಹೋಗುವಾಗ 14.2ಕ್ಕೆ ಇಳಿದಿತ್ತು. ಮೇಲೆ ಗಾಳಿ ತೆಳು, ಕಾರ್ಬೊರೇಟರಿಗೆ ಅದು ತಿಳಿಯುವುದಿಲ್ಲ. ಸಾವಿರ ಮೀಟರ್ ಎತ್ತರಕ್ಕೆ ಸುಮಾರು 5% ರಿಚ್ ಆಗುತ್ತದೆ. ಓದಿ ಗೊತ್ತಿತ್ತು. ಕಣ್ಣೆದುರು ಅಂಕಿ ಇಳಿದದ್ದು ನೋಡಿದಾಗ ಯಾಕೋ ಖುಷಿಯಾಯಿತು.

ಇನ್ನು ಮರ್ಯಾದೆ ಹೋದ ಕಥೆ. ಎರಡನೇ ವರ್ಷ ಐಡಲ್‌ನಲ್ಲಿ 16 ತೋರಿಸಲು ಶುರುವಾಯಿತು. ಲೀನ್ ಆಗಿದೆ ಅಂತ ಸ್ಕ್ರೂ ಬಿಚ್ಚಿದೆ, ಇನ್ನೂ ಬಿಚ್ಚಿದೆ. ಅಂಕಿ ಅಲುಗಲಿಲ್ಲ. ಕೊನೆಗೆ ನಮ್ಮ ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಪ್ಲಗ್ ಬಿಚ್ಚಿದರೆ ಕಪ್ಪು ಮಸಿ.

"ಸಾರ್, ಮೀಟರ್ ಪೆಟ್ರೋಲ್ ಕಮ್ಮಿ ಅಂತಿದೆ, ಮೂಗು ಜಾಸ್ತಿ ಅಂತಿದೆ. ನೀವು ಯಾರ ಮಾತು ಕೇಳ್ತೀರಿ?"

ಇಂಜಿನ್ನಿಗೂ ಹೊಗೆ ಪೈಪಿಗೂ ನಡುವಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹೋಗಿತ್ತು. ಆ ಸಂದಿಯಿಂದ ಹೊರಗಿನ ಗಾಳಿ ಪೈಪಿನೊಳಗೆ ಸೇರುತ್ತಿತ್ತು. ಸೆನ್ಸರ್ ಅಳೆಯುವುದು ಹೊಗೆಯಲ್ಲಿ ಉಳಿದ ಆಕ್ಸಿಜನ್, ಅದು ಎಲ್ಲಿಂದ ಬಂತು ಅಂತ ಅದಕ್ಕೇನು ಗೊತ್ತು? ಇಂಜಿನ್ ಮಿಸ್ಸಿಂಗ್ ಹೊಡೆದರೂ ಹೀಗೇ. ಉರಿಯದ ಗಾಳಿ ಹಾಗೇ ಹೊರಬಂದು ಲೀನ್ ಅಂತ ತೋರಿಸುತ್ತದೆ. ಸ್ಕ್ರೂಗೆ ಕೈ ಹಾಕುವ ಮುಂಚೆ ಗ್ಯಾಸ್ಕೆಟ್, ಪ್ಲಗ್, ವೈರ್ ನೋಡಿ.

ಎಥನಾಲ್ ವಿಷಯ ಇದಕ್ಕಿಂತ ಸೂಕ್ಷ್ಮ. ನಾನು ಜೆಟ್ ಹೊಂದಿಸಿದ್ದು 10% ಎಥನಾಲ್ ಇದ್ದ ಕಾಲದಲ್ಲಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್, ಬಿಡುಗಡೆಯಾಯಿತು. 2025ರ ಹೊತ್ತಿಗೆ ನಮ್ಮ ಬಂಕಿನಲ್ಲೂ ಅದೇ. ಜೆಟ್ ಮುಟ್ಟಿಲ್ಲ, ಏನೂ ಮಾಡಿಲ್ಲ, ಆದರೆ 14.2 ಇದ್ದದ್ದು 14.8 ಆಯಿತು. ಮಂಗಳೂರಿನಲ್ಲಿ 15.5. ಹಗುರವಾಗಿ ಆಕ್ಸಲರೇಟರ್ ಹಿಡಿದರೆ ಗಾಡಿ ಜಗ್ಗುತ್ತಿತ್ತು. ಎಥನಾಲಿನಲ್ಲೇ ಆಕ್ಸಿಜನ್ ಇದೆ, ಉರಿಯಲು ಗಾಳಿ ಕಮ್ಮಿ ಸಾಕು. ಇ20ಗೆ ಪೂರ್ತಿ ಉರಿಯುವ ಲೆಕ್ಕ 14.7 ಅಲ್ಲ, ಸುಮಾರು 13.5.

ಆದರೆ ಮೀಟರ್ ಮಾತ್ರ 14.7ರ ಲೆಕ್ಕವನ್ನೇ ಹೇಳುತ್ತಿರುತ್ತದೆ! ಅದು ನಿಜವಾಗಿ ಅಳೆಯುವುದು ಲ್ಯಾಂಬ್ಡಾ, ಅಂದರೆ ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಟ್ಟು ಹೋಗುತ್ತಿದೆ ಅನ್ನುವುದು. ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ. ಇ20 ಹಾಕಿದಾಗ ಅಲ್ಲಿ 14.7 ಕಂಡರೆ ನಿಜವಾದ ಎಎಫ್‌ಆರ್ 13.5. ಇದು ಗೊತ್ತಿಲ್ಲದೆ '13.5ಕ್ಕೆ ತರಬೇಕು' ಅಂತ ಟ್ಯೂನ್ ಮಾಡಿದರೆ ಸುಮ್ನೆ ಪೆಟ್ರೋಲ್ ಸುರಿಯುತ್ತೀರಿ. ನಾನು ಡಿಸ್‌ಪ್ಲೇಯನ್ನು ಲ್ಯಾಂಬ್ಡಾಗೆ ಬದಲಿಸಿಕೊಂಡೆ. ಯಾವ ಪೆಟ್ರೋಲ್ ಆದರೂ 1 ಅಂದರೆ ಸರಿ, ಕೆಳಗೆ ರಿಚ್, ಮೇಲೆ ಲೀನ್. ತಿರುಗಿ 130 ಜೆಟ್ ಹಾಕಿದೆ. ಈಗ ಮನೆ ಹತ್ತಿರ 0.93, ಕರಾವಳಿಯಲ್ಲಿ 0.98. ಮೈಲೇಜ್ ಮಾತ್ರ ಒಂಬತ್ತೂವರೆ.

ಮೊದಲ ಸೆನ್ಸರ್ ಸತ್ತದ್ದು ನನ್ನ ತಪ್ಪಿನಿಂದ. ಈ ಮೀಟರಿನ ಬೆಳಕು ರಾತ್ರಿ ಕಣ್ಣಿಗೆ ಚುಚ್ಚುತ್ತದೆ. ಕಮ್ಮಿ ಮಾಡುವ ವ್ಯವಸ್ಥೆ ಇದೆ ಅಂತ ಬಾಕ್ಸಿನ ಮೇಲೆ ಬರೆದಿದ್ದಾರೆ, ನನಗಂತೂ ವ್ಯತ್ಯಾಸ ಕಾಣಲಿಲ್ಲ. ತಲೆಕೆಟ್ಟು ಫ್ಯೂಸ್ ತೆಗೆದು ಎರಡು ವಾರ ಓಡಿಸಿದೆ. ಹೀಟರ್ ಬಂದ್ ಇರುವಾಗ ಸೆನ್ಸರ್ ಹೊಗೆಯಲ್ಲಿ ಕೂತರೆ ಮಸಿ ಹಿಡಿದು ಹಾಳಾಗುತ್ತದೆ. ಮೀಟರ್ ಆಫ್ ಮಾಡುವುದಾದರೆ ಸೆನ್ಸರ್ ಬಿಚ್ಚಿ ತೂತಿಗೆ ಬೋಲ್ಟ್ ಹಾಕಬೇಕು. ಮಾರಿದವರು ವಾರಂಟಿ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಹೊಸದಕ್ಕೆ ಎಂಟು ಸಾವಿರ.

ಜೆಟ್ ಬದಲಿಸಿ ಟ್ಯೂನ್ ಮಾಡುವ ಆಸೆ ಇದ್ದವರಿಗೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ಆ ಬೆಳಕಿಗೆ. ಈಗ ಅದರ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿದ್ದೇನೆ, ಹಗಲು ಮಾತ್ರ ಕೀಳುತ್ತೇನೆ.