ಒಳದನಿಯ ಬಾಯಿ ಮುಚ್ಚಿಸುವ ಪಾಠ: ಪುಣೆಯ ಒಂದು ವೇಗ-ಓದಿನ ತರಗತಿ

ಕೋಥ್ರೂಡ್‌ನ ಈ ತರಗತಿ ಎರಡು ಭಾನುವಾರದ್ದು, ದಿನಕ್ಕೆ ಮೂರು ಗಂಟೆ. ಪಾಠ ಮರಾಠಿಯಲ್ಲಿ, ಅಭ್ಯಾಸಕ್ಕೆ ಕನ್ನಡ ಪುಸ್ತಕ ಒಯ್ದರೆ ಬೇಡ ಅನ್ನುವುದಿಲ್ಲ. ಮೊದಲ ದಿನಕ್ಕೆ ಮೋಸವಿಲ್ಲ. ಸಾಲಿನಡಿ ಪೆನ್ಸಿಲ್ ಸರಿಸುತ್ತ ಓದಿಸುತ್ತಾರೆ, ಕಣ್ಣು ಸಾಲು ತಪ್ಪುವುದು ಕಡಿಮೆಯಾಗುತ್ತದೆ.

ಎಡವಟ್ಟಾಗುವುದು ಎರಡನೇ ದಿನ. ಓದುವಾಗ ಒಳಗೆ ಕೇಳುವ ದನಿಯೇ ವೇಗಕ್ಕೆ ಅಡ್ಡಗಾಲು ಎಂದು ಹೇಳಿ, ಅದನ್ನು ಅಡಗಿಸಲು ಓದುತ್ತಲೇ ‘ಒಂದು, ಎರಡು, ಮೂರು’ ಎಂದು ಗೊಣಗಿಸುತ್ತಾರೆ. ಆದರೆ ಆ ದನಿ ಬಿಡಿಸಬೇಕಾದ ಚಟವಲ್ಲ. ಮೂರ್ಛೆರೋಗದ ಚಿಕಿತ್ಸೆಗೆಂದು ಮಿದುಳಿನೊಳಗೆ ಎಲೆಕ್ಟ್ರೋಡ್ ಇರಿಸಿದ್ದ ರೋಗಿಗಳಲ್ಲಿ ಫ್ರಾನ್ಸಿನ ಸಂಶೋಧಕರು ಅಳೆದು 2012ರಲ್ಲಿ ಪ್ರಕಟಿಸಿದ್ದು ಇದು: ಮೌನವಾಗಿ ಓದುವಾಗಲೂ, ಮನುಷ್ಯರ ದನಿಗೆ ಮಿಡಿಯುವ ಶ್ರವಣಭಾಗ ಎಚ್ಚರಗೊಳ್ಳುತ್ತದೆ, ಗಮನವಿಟ್ಟಷ್ಟೂ ಹೆಚ್ಚು. ಲ್ಯಾಬ್ ಬೇಡ, ‘ತರೀಕೆರೆ ಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ’ ಸಾಲನ್ನು ತುಟಿ ಅಲುಗಿಸದೆ ಓದಿ. ನಾಲಿಗೆಗೆ ಕೆಲಸವೇ ಇಲ್ಲ, ಆದರೂ ತೊಡರುತ್ತದೆ.

ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಅಲ್ಲಿಯವರೆಗೆ ಯಾರು, ಯಾರಿಗೆ, ಏನನ್ನು ಎಂಬುದನ್ನೆಲ್ಲ ಮನಸ್ಸು ಬಹುಪಾಲು ಸದ್ದಿನ ರೂಪದಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಎಣಿಕೆಯ ಗೊಣಗಾಟ ಆ ಜಾಗವನ್ನೇ ಆಕ್ರಮಿಸುತ್ತದೆ. ಚಿಕ್ಕ ಸುದ್ದಿಗೆ ನಷ್ಟವಿಲ್ಲ. ಬಾಡಿಗೆ ಕರಾರಿನ ಉದ್ದ ವಾಕ್ಯದಲ್ಲಿ ಮಾಲೀಕ ಯಾರು, ಬಾಡಿಗೆದಾರ ಯಾರು ಎಂಬುದೇ ಅದಲುಬದಲಾದೀತು.

ಮರಾಠಿ ಶಾಲೆಗೆ ಹೋಗುವ ನಮ್ಮ ಕನ್ನಡ ಮಕ್ಕಳನ್ನಂತೂ ಕಳಿಸಬೇಡಿ. ಮರಾಠಿ ಬರವಣಿಗೆಯಲ್ಲಿ ಎ-ಏ, ಒ-ಓ ಬೇರೆ ಬೇರೆ ಇಲ್ಲ. ಹಾಗಾಗಿ ಆ ಮಕ್ಕಳು ‘ಬೆಳೆ’ಯನ್ನು ‘ಬೇಳೆ’, ‘ಕೊಡು’ವನ್ನು ‘ಕೋಡು’ ಎಂದು ಓದಿಕೊಳ್ಳುವುದುಂಟು. ಅವರಿಗೆ ಬೇಕಾದ್ದು ಒಳದನಿಯನ್ನು ತಿದ್ದುವ ಗಟ್ಟಿ ಓದು, ದಿನಕ್ಕೆ ಹತ್ತು ನಿಮಿಷ, ಪಕ್ಕದಲ್ಲಿ ಅಜ್ಜಿ ಕೂತಿದ್ದರೆ ಇನ್ನೂ ಒಳ್ಳೆಯದು.

ತರಗತಿಯ ಅಳತೆಯೂ ಸಡಿಲ. ನಿಮಿಷಕ್ಕೆ ಇಷ್ಟು ಪದ ಎನ್ನುತ್ತಾರೆ. ಕನ್ನಡದಲ್ಲಿ ‘ಬರಲಾರೆನೆಂದಿದ್ದಳು’ ಕೂಡ ಒಂದೇ ಪದ! ಅಕ್ಷರ ಎಣಿಸಿ. ಒಂದೇ ಪುಸ್ತಕದಿಂದ, ಮೊದಲು ಓದಿರದ ಎರಡು ಪುಟ ಆರಿಸಿ. ಒಂದನ್ನು ನಿಮ್ಮಂತೆ, ಇನ್ನೊಂದನ್ನು ಅವರಂತೆ ಓದಿ, ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯಿರಿ. ಅವರ ಪರೀಕ್ಷೆಯಲ್ಲಿ ಇರುವುದು ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು, ಅರ್ಧದಷ್ಟಕ್ಕೆ ಪುಟ ಓದದೆಯೂ ಉತ್ತರ ಊಹಿಸಬಹುದು.

ಮೊದಲ ದಿನಕ್ಕಷ್ಟೇ ಶುಲ್ಕ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ ನೋಡಿ. ಇಲ್ಲವೆಂದರೆ ಪೆನ್ಸಿಲ್ ಮನೆಯಲ್ಲೇ ಇದೆ.