ಪವನಾನಾ, ಭಂಡಾರದರಾನಾ? ಟೆಂಟ್ ಹಾಕುವವರಿಗೆ

ಪುಣೆಯಲ್ಲಿರುವ ನಮ್ಮ ಕನ್ನಡದ ಹುಡುಗರ ಗುಂಪಿನಲ್ಲಿ ಮಳೆ ನಿಂತರೆ ಸಾಕು, ಈ ಚರ್ಚೆ ಶುರು. ಶನಿವಾರ ರಾತ್ರಿ ನೀರಿನ ದಂಡೆಯಲ್ಲಿ ಟೆಂಟ್ ಹಾಕಿ ಮಲಗಬೇಕು, ಎಲ್ಲಿಗೆ ಹೋಗೋಣ, ಪವನಾಕ್ಕಾ, ಭಂಡಾರದರಾಕ್ಕಾ? ನಾನು ಎರಡೂ ಕಡೆ ಮಲಗಿ ಎದ್ದು ಬಂದಿದ್ದೇನೆ. ಎರಡೂ ಸಹ್ಯಾದ್ರಿ ಬೆಟ್ಟಗಳ ನಡುವಿನ ಅಣೆಕಟ್ಟಿನ ಹಿನ್ನೀರೇ, ಆದರೆ ರಾತ್ರಿ ಮಾತ್ರ ಬೇರೆ ಬೇರೆ.

ದೂರದ ವಿಷಯದಲ್ಲಿ ಪವನಾ ಗೆಲ್ಲುತ್ತದೆ, ಅದರಲ್ಲಿ ವಾದವೇ ಇಲ್ಲ. ಮಧ್ಯಾಹ್ನ ಊಟ ಮುಗಿಸಿ ಹೊರಟರೂ ಸಂಜೆ ಚಹಾದ ಹೊತ್ತಿಗೆ ಅಲ್ಲಿರುತ್ತೀರಿ. ಭಂಡಾರದರಾಕ್ಕೆ ಬೆಳಿಗ್ಗೆಯೇ ಗಾಡಿ ತೆಗೆಯಬೇಕು. ನಾಶಿಕ್ ರಸ್ತೆ ಹಿಡಿದು ಸಂಗಮನೇರ್, ಅಲ್ಲಿಂದ ಅಕೋಲೆ, ರಾಜೂರ್ ಅಂತ ಹೋಗುತ್ತಾ ಇರಬೇಕು.

ಪವನಾದಲ್ಲಿ ನೀವು ಕೈಬೀಸಿಕೊಂಡು ಹೋದರೂ ನಡೆಯುತ್ತದೆ. ಟೆಂಟ್, ಹಾಸಿಗೆ, ಸಂಜೆಗೆ ಈರುಳ್ಳಿ ಬಜ್ಜಿ, ರಾತ್ರಿ ಬಾರ್ಬೆಕ್ಯೂ, ಬೆಳಿಗ್ಗೆ ಪೋಹೆ, ಎಲ್ಲಾ ಒಂದೇ ಪ್ಯಾಕೇಜಿನಲ್ಲಿ ಸಿಗುತ್ತದೆ. ತೊಂದರೆ ಇರುವುದು ಪಕ್ಕದ ಕ್ಯಾಂಪಿನದು. ಟೆಂಟುಗಳು ಸಾಲಾಗಿ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ಎಡಗಡೆ ಪಂಜಾಬಿ ಹಾಡು, ಬಲಗಡೆ ಮರಾಠಿ ಹಾಡು, ಮಧ್ಯದಲ್ಲಿ ನೀವು. ರಾತ್ರಿ ಹತ್ತರ ಮೇಲೆ ಬಯಲಲ್ಲಿ ಸ್ಪೀಕರ್ ಹಾಕುವ ಹಾಗಿಲ್ಲ ಅನ್ನುವುದು ಕಾನೂನು, ಆದರೆ ಸ್ಪೀಕರ್ ನಿಂತ ಮೇಲೆ ಪಕ್ಕದ ಟೆಂಟಿನವರ ಆಫೀಸ್ ಜಗಳ ಒಂದೊಂದು ಮಾತೂ ಬಿಡದೆ ಕೇಳುತ್ತದೆ. ಗೆಳೆಯರ ಜೊತೆ ಗಲಾಟೆ ಮಾಡೋದಕ್ಕೇ ಹೋಗುವವರಿಗೆ ಇದು ತೊಂದರೆಯೇ ಅಲ್ಲ, ಅಲ್ವಾ? ಬೆಳಿಗ್ಗೆ ಬೇಗ ಎದ್ದರೆ ಮಂಜಿನ ಮೇಲೆ ತುಂಗ್ ಕೋಟೆಯ ಚೂಪು ತುದಿ ಕಾಣುತ್ತದೆ, ಅದು ಚೆನ್ನಾಗಿದೆ. ವಾಪಸ್ ಬರುವಾಗ ಲೋಹಗಡ ಅಥವಾ ತಿಕೋನಾ ಹತ್ತಿ ಬರಬಹುದು.

ಭಂಡಾರದರಾದಲ್ಲೂ ಅಣೆಕಟ್ಟಿನ ಹತ್ತಿರ, ಶೇಂಡಿ ಕಡೆ, ಇಂಥದ್ದೇ ಪ್ಯಾಕೇಜುಗಳಿವೆ. ಅಲ್ಲಿ ಇಳಿಯಬೇಡಿ. 1926ರಲ್ಲಿ ಮುಗಿದ ಆ ವಿಲ್ಸನ್ ಅಣೆಕಟ್ಟನ್ನು ಒಂದು ಸಲ ನೋಡಿ, ಹಿನ್ನೀರಿನ ಇನ್ನೊಂದು ತುದಿಗೆ, ರತನವಾಡಿಗೆ ಹೋಗಿ. ಇದು ಕಳಸೂಬಾಯಿ-ಹರಿಶ್ಚಂದ್ರಗಡ ವನ್ಯಧಾಮದ ಭಾಗ, ನಾಕಾದಲ್ಲಿ ಪ್ರವೇಶ ಶುಲ್ಕ ಕಟ್ಟಬೇಕು. ಊರವರೇ ತಮ್ಮ ಗದ್ದೆಯಲ್ಲಿ ಟೆಂಟಿಗೆ ಜಾಗ ಕೊಡುತ್ತಾರೆ, ಊಟ ಅವರ ಮನೆಯಲ್ಲಿ. ಒಲೆಯ ಮುಂದೆ ಕೂತ ಅಮ್ಮ ಅಕ್ಕಿ ಹಿಟ್ಟನ್ನು ಬಿಸಿನೀರಲ್ಲಿ ನಾದಿ, ಅಂಗೈಯಲ್ಲೇ ತಟ್ಟಿ, ಹಂಚಿಗೆ ಹಾಕಿ ಮೇಲೆ ನೀರು ಸವರಿ, ಆಮೇಲೆ ಕೆಂಡಕ್ಕೆ ಒರಗಿಸಿ ಉಬ್ಬಿಸಿ ನೇರ ತಟ್ಟೆಗೆ ಎಸೆಯುತ್ತಾರೆ. ಜೊತೆಗೆ ಕಡಲೆಹಿಟ್ಟಿನ ಪಿಠಲೆ. ನಮ್ಮ ಹುಬ್ಬಳ್ಳಿಯ ಗೆಳೆಯ "ಇದು ನಮ್ಮ ಜುಣಕಾನ, ನೀರು ಜಾಸ್ತಿ ಆಗೇತಿ" ಅಂತ ಗೊಣಗುತ್ತಲೇ ಎಲ್ಲರಿಗಿಂತ ಜಾಸ್ತಿ ತಿಂದ.

ರತನವಾಡಿಯ ಕೊರತೆಗಳೂ ಇವೆ. ಫೋನ್ ಸಿಗ್ನಲ್ ಬಂದರೆ ಬಂತು. ಶೌಚಾಲಯ ಮನೆಯ ಹಿಂದೆ, ರಾತ್ರಿ ಟಾರ್ಚ್ ಹಿಡಿದೇ ಹೋಗಬೇಕು. ಡಿಸೆಂಬರ್ ಚಳಿ ಪವನಾಕ್ಕಿಂತ ಗಟ್ಟಿ, ತೆಳು ಬ್ಲಾಂಕೆಟ್ ಸಾಲುವುದಿಲ್ಲ. ಆದರೆ ಊಟ ಮಾಡಿ ಹೊರಗೆ ಬಂದರೆ ಆಕಾಶದ ತುಂಬಾ ನಕ್ಷತ್ರ. ಬೆಳಿಗ್ಗೆ ನಡೆಯುವ ದೂರದಲ್ಲೇ ಅಮೃತೇಶ್ವರನ ಹಳೆಯ ಕಲ್ಲಿನ ದೇವಸ್ಥಾನ, ಕೆತ್ತನೆಯನ್ನು ಯಾರ ಸೆಲ್ಫಿಯೂ ಅಡ್ಡ ಬರದೆ ನೋಡಬಹುದು.

ಒಂದು ವಿಷಯದಲ್ಲಿ ಎರಡೂ ಕಡೆ ಒಂದೇ ಕಥೆ. ಬೆಳಗಿನ ಜಾವ ಟೆಂಟಿನ ಒಳಗೆ ನೀರು ಹನಿಯುತ್ತದೆ. ಟೆಂಟ್ ಸೋರುತ್ತಿದೆ ಅಂತ ಬೈಯಬೇಡಿ, ಅದು ನಿಮ್ಮದೇ ಉಸಿರು, ತಣ್ಣಗಿರುವ ಬಟ್ಟೆಗೆ ತಾಗಿ ನೀರಾಗಿದೆ. ದಂಡೆಗೆ ಅಂಟಿಕೊಂಡು ಹಾಕದೆ ಸ್ವಲ್ಪ ಮೇಲೆ ಹಾಕಿ, ಜಿಪ್ಪನ್ನು ಮೇಲ್ಗಡೆ ಒಂದು ಗೇಣು ಬಿಟ್ಟು ಮಲಗಿ. ಇನ್ನು ಈಜು: ಎರಡೂ ಕಡೆ ಬೇಡವೇ ಬೇಡ. ಕಾಲಡಿ ಕೆಸರು, ಎಲ್ಲಿ ಆಳ ಶುರುವಾಗುತ್ತದೆ ಅಂತ ಗೊತ್ತೇ ಆಗುವುದಿಲ್ಲ.

ಮೇ ಕೊನೆ, ಜೂನ್ ಶುರುವಿನಲ್ಲಿ ಮಿಂಚುಹುಳ ನೋಡಲು ಭಂಡಾರದರಾಕ್ಕೆ ಜನ ಮುಗಿಬೀಳುತ್ತಾರೆ. ಆಗ ರತನವಾಡಿ ರಸ್ತೆಯಲ್ಲಿ ಹುಳಕ್ಕಿಂತ ಹೆಡ್‌ಲೈಟೇ ಜಾಸ್ತಿ. ಹೋಗಲೇಬೇಕಿದ್ದರೆ ವಾರದ ನಡುವೆ ಹೋಗಿ, ಫ್ಲ್ಯಾಶ್ ಆರಿಸಿ.

ಚಿಕ್ಕ ಮಕ್ಕಳಿದ್ದರೆ, ಅಥವಾ ಮೊದಲ ಸಲ ಟೆಂಟಿನಲ್ಲಿ ಮಲಗುವವರಿದ್ದರೆ ಪವನಾ. ನನ್ನನ್ನು ಕೇಳಿದರೆ, ನವೆಂಬರಿನಿಂದ ಫೆಬ್ರುವರಿ ತನಕ ರತನವಾಡಿ. ಆದರೆ ಹೊರಡುವ ಮೊದಲೇ ಎಷ್ಟು ಜನ ಅಂತ ಆ ಮನೆಯವರಿಗೆ ಫೋನ್ ಮಾಡಿ ಹೇಳಿ, ಸಾಮಾನು ತರಲು ಅವರು ರಾಜೂರಿಗೆ ಹೋಗಿ ಬರಬೇಕು.